ಮುತ್ಯಾ ಕೆಮ್ಮಿದರೆ ಸೆರಗು

ಅಂದು ಬೆಳಿಗ್ಗೆ ಅವ್ವ ಅಂಗಳಕ್ಕೆ ಸೆಗಣಿ ನೀರು ಹೊಡೆದು ರಂಗೋಲಿ ಎಳೆದಳು. ಆಯಿ ಮಜ್ಜಿಗೆ ಕಡೆದು ಬೆಣ್ಣೆಯ ಉಂಡೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಬಿಟ್ಟಳು. ನಾನು ಕಂದೀಲಿನ ಗಾಜಿಗೆ ಬೂದಿ ಹಚ್ಚಿ ತಿಕ್ಕಿದೆ. ಕಾಕಾ ಎತ್ತುಗಳಿಗೆ ಹಿಂಡಿ ಇಟ್ಟು ಕೊಟ್ಟಿಗೆ ಬಳಿದ. ಕೆರೆಯಿಂದ ಕುಡಿಯುವ ನೀರು ಬಂತು, ಬಾವಿಯಿಂದ ಬಳಸುವ ನೀರು ಬಂತು. ಹಿಂದಿನ ದಿನ ಹೊಲದಿಂದ ತಂದ ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಹರವಿದ್ದಾಯಿತು. ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಎಲ್ಲರ ತಾಟು ಇಟ್ಟು ತೆಗೆದದ್ದಾಯಿತು. ಇಷ್ಟೆಲ್ಲ ಮುಗಿದ ಮೇಲೆ, ಬಿಸಿಲು ಏರುವ ಮುಂಚೆ, ಗಿರಿಜಾ ಚಿಗವ್ವನನ್ನು ಅವಳ ತವರಿಗೆ ಕಳಿಸಿಕೊಟ್ಟರು. ಅದನ್ನೂ ಆ ಹೊತ್ತಿನ ಕೆಲಸಗಳ ಸಾಲಿನಲ್ಲಿ ಸೇರಿಸಿಯೇ ಮಾಡಿದರು. ಅವಳು ಓಣಿಯ ತಿರುವು ದಾಟಿದ ಕೂಡಲೇ ಅವ್ವ ಆಕಳಿಗೆ ಮುಸುರೆ ಇಡಲು ಎದ್ದುಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಚಿಗವ್ವ ಎಂದರೆ ನನ್ನ ಕಾಕಾನ, ಅಂದರೆ ಅಪ್ಪನ ತಮ್ಮನ ಹೆಂಡತಿ. ಮಿಶ್ರಿಕೋಟಿಯ ಹೆಣ್ಣು. ಅವರ ಕಡೆ ಭತ್ತದ ಗದ್ದೆಗಳು, ಹಸಿರು ಹೆಚ್ಚು. ನಮ್ಮ ಕುಬಿಹಾಳದ ಕರಿಮಣ್ಣಿಗೆ ಅವಳು ಹೊಂದಿಕೊಳ್ಳಲು ಒಂದು ಮಳೆಗಾಲ ಹಿಡಿಯಿತು. 'ನಿಮ್ಮೂರ ಭೂಮಿಗೆ ಚಪ್ಪಲಿ ಕೊಟ್ರ ವಾಪಸ್ ಕೊಡೂದಿಲ್ಲ ನೋಡವಾ' ಎಂದು ಕೆಸರಲ್ಲಿ ಕಾಲು ಕೀಳುತ್ತ ನಗುತ್ತಿದ್ದಳು. ಬಂದ ಹೊಸದರಲ್ಲಿ ತುಂಬಿದ ಕೊಡಪಾನ ಹೊತ್ತು ಮಾಳಿಗೆಯ ನಿಚ್ಚಣಿಕೆ ಹತ್ತುತ್ತಿದ್ದವಳು ಅವಳು. ನನ್ನ ತಲೆ ಬಾಚುವಾಗ ಮಾತ್ರ ಬಿಗಿಯಾಗಿ ಎಳೆಯುತ್ತಿದ್ದಳು, ಅಳುವಂತಾಗುತ್ತಿತ್ತು. ಆದರೆ ಅವಳು ಹಾಕಿದ ಹೆರಳು ಸಂಜೆಯವರೆಗೂ ಬಿಚ್ಚುತ್ತಿರಲಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದರಾಚೆ ಮೆಟ್ಟಿಲೇರಿದರೆ ಪಡಸಾಲೆ, ಪಡಸಾಲೆಯ ಹಿಂದೆ ಅಡುಗೆಮನೆ, ಅದರ ಪಕ್ಕಕ್ಕೆ ಕಾಳಿನ ಕೋಣೆ. ಗೋಡೆಗಳು ಬೇಸಿಗೆಯಲ್ಲೂ ತಣ್ಣಗಿರುವಷ್ಟು ದಪ್ಪ. ಕಿಟಕಿ ಒಂದೂ ಇರಲಿಲ್ಲ. ಬೆಳಕು, ಗಾಳಿ ಏನಿದ್ದರೂ ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಇಳಿಯಬೇಕು. ಮಳೆ ಬಂದಾಗ ಅದರ ಮೇಲೊಂದು ಒಡಕು ಗಡಿಗೆಯನ್ನು ಬೋರಲು ಹಾಕುವುದು, ನಿಂತಾಗ ತೆಗೆಯುವುದು. ಚಳಿ ಶುರುವಾಯಿತೆಂದರೆ ಮುತ್ಯಾನಿಗೆ ಗಾಳಿ ಹೊಡೆಯುತ್ತದೆಂದು ಗಡಿಗೆ ಅಲ್ಲೇ ಕೂತುಬಿಡುತ್ತಿತ್ತು. ಮುತ್ಯಾ ಎಂದರೆ ನನ್ನ ಅಪ್ಪನ ಅಪ್ಪ, ಆಯಿ ಅವನ ಹೆಂಡತಿ. ಪಡಸಾಲೆಯಲ್ಲಿ ಅವನ ಹಾಸಿಗೆ, ಅದಕ್ಕೆ ಹತ್ತಿಕೊಂಡೇ ನಾನು ಮತ್ತು ನನ್ನ ತಮ್ಮ, ಆಚೆ ಗೋಡೆಗೆ ಉಳಿದವರು. ಅಪ್ಪ ನವಲಗುಂದದ ಕಡೆ ಸಾಲಿ ಮಾಸ್ತರನಾಗಿದ್ದ, ರಜೆಗೆ ಬಂದುಹೋಗುವವನು. ಹಾಗಾಗಿ ಮನೆಯಲ್ಲಿ ಮುತ್ಯಾನ ಮಾತೇ ಮಾತು.

ಮಾತಿಗಿಂತ ಮೊದಲು ಅವನ ಕೆಮ್ಮು ಬರುತ್ತಿತ್ತು. ನಮ್ಮ ಊರಿನ ಹಿರಿಯ ಗಂಡಸರು ಯಾರೂ ಸದ್ದಿಲ್ಲದೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಹೊಸ್ತಿಲಾಚೆ ನಿಂತು ಒಮ್ಮೆ ಕೆಮ್ಮಬೇಕು. ಒಳಗಿನ ಸೊಸೆಯಂದಿರು ಅದನ್ನು ಕೇಳಿ ಸೆರಗನ್ನು ತಲೆಗೆ ಎಳೆದುಕೊಂಡು, ನಗುತ್ತಿದ್ದರೆ ನಗು ನಿಲ್ಲಿಸಿ, ಒಳಕ್ಕೆ ಸರಿಯಬೇಕು. ಅದು ಮರ್ಯಾದೆ, ಹೆಣ್ಣುಮಕ್ಕಳು ನಿರಾಳವಾಗಿ ಕೂತಿರುವಲ್ಲಿಗೆ ಹಠಾತ್ತನೆ ನುಗ್ಗಬಾರದೆಂಬ ಸೂಕ್ಷ್ಮವೂ ಅದರಲ್ಲಿತ್ತು. ನಾನು ಕಣ್ಣು ಬಿಟ್ಟಾಗಿನಿಂದ ಮುತ್ಯಾ ಕೆಮ್ಮುತ್ತಿದ್ದ, ಅವ್ವ ಸೆರಗು ಎಳೆದುಕೊಳ್ಳುತ್ತಿದ್ದಳು. ಆ ಒಂದು ಕೆಮ್ಮು ಯಾವಾಗ ನಾಲ್ಕಾಯಿತು, ಹೊಸ್ತಿಲಾಚೆಯದು ಯಾವಾಗ ಹಾಸಿಗೆಯವರೆಗೆ ಬಂತು, ಯಾವಾಗಿನಿಂದ ಅವನ ತಲೆದಿಂಬಿನ ಹತ್ತಿರ ಬೂದಿ ತುಂಬಿದ ತೆಂಗಿನ ಚಿಪ್ಪು ಇಡಲು ಶುರುವಾಯಿತು, ಯಾರಿಗೂ ನೆನಪಿರಲಿಲ್ಲ. ಕೇಳಿದವರಿಗೆ ಆಯಿ, 'ಬೀಡಿ ಕೆಮ್ಮು, ಮತ್ತೇನ್ ಐತಿ' ಎನ್ನುತ್ತಿದ್ದಳು. ಕೇಳುವವರೂ ಕಡಿಮೆ. ಮನೆಯ ಗಡಿಯಾರದ ಸದ್ದು ಮನೆಯವರಿಗೆ ಕೇಳಿಸುವುದಿಲ್ಲವಲ್ಲ, ಹಾಗೆ.

ಚಿಗವ್ವ ಆ ಕೆಮ್ಮನ್ನು ಅಗದಿ ಹಾಗೆಯೇ ಅನುಕರಿಸುತ್ತಿದ್ದಳು. ಅವ್ವ ಒಲೆಯ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿ ರೊಟ್ಟಿ ಬಡಿಯುತ್ತಿರುವಾಗ ಹಿಂದಿನಿಂದ ಬಂದು ಮುತ್ಯಾನ ದನಿಯಲ್ಲಿ ಕೆಮ್ಮುವುದು. ಅವ್ವ ಹಿಟ್ಟಿನ ಕೈಯಲ್ಲೇ ಗಾಬರಿಯಿಂದ ಸೆರಗು ಎಳೆದುಕೊಂಡು ತಲೆಯೆಲ್ಲ ಬೆಳ್ಳಗಾಗುವುದು. ನಾವಿಬ್ಬರೂ ಬಿದ್ದು ಬಿದ್ದು ನಗುವುದು. ಹೀಗಿರುವಾಗ ಒಂದು ಸಂಜೆ ಕಾಳಿನ ಕೋಣೆಯಿಂದ ಕೆಮ್ಮು ಕೇಳಿಸಿತು. ಅವ್ವ ಸೆರಗು ಎಳೆದುಕೊಂಡಳು. ಹೊರಗೆ ಬಂದವಳು ಚಿಗವ್ವ.

"ಏ ಹುಚ್ಚಿ, ಮತ್ತ ಚ್ಯಾಷ್ಟಿ ಹಚ್ಚಿದ್ಯಾ?"

"ಇಲ್ಲಕ್ಕಾ," ಎಂದಳು ಚಿಗವ್ವ, ಗೋಡೆ ಹಿಡಿದುಕೊಂಡು. "ಇದು ಖರೇನ ಬಂತು."

ಮೆಣಸಿನಕಾಯಿಯ ಸುಗ್ಗಿ ಅದು. ಓಣಿಯ ತುಂಬ ಘಾಟು. ತೊಟ್ಟು ಮುರಿಯಲು ಕೂತವರೆಲ್ಲ ಸೀನುವವರೇ, ಕೆಮ್ಮುವವರೇ. ಹಾಗಾಗಿ ಚಿಗವ್ವನದೂ ಅದರಲ್ಲಿ ಕರಗಿಹೋಯಿತು. ಆಯಿ ಬೆಲ್ಲ, ಶುಂಠಿ ಕುದಿಸಿಕೊಟ್ಟಳು. ಸುಗ್ಗಿ ಮುಗಿಯುತ್ತ ಬಂದರೂ ಕೆಮ್ಮು ಮುಗಿಯಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಒಂದು ದಿನ ಬಚ್ಚಲಲ್ಲಿ ಉಗುಳಿದ್ದನ್ನು ಅವಳು ಬೇಗ ಬೇಗ ನೀರು ಹೊಯ್ದು ತೊಳೆಯುತ್ತಿರುವುದನ್ನು ಅವ್ವ ನೋಡಿದಳು. ಮರುದಿನವೇ ಕಾಕಾ ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದ. ವಾಪಸ್ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ತಗ್ಗಿಸಿ ಹೇಳಿದ.

"ಎದಿ ಫೋಟೋ ತಗದ್ರು. ಟಿ.ಬಿ. ಅಂತಂದ್ರು. ಸೂಜಿ, ಗುಳಿಗಿ ಅದಾವು, ವರ್ಷದ ಮ್ಯಾಲೆ ತಗೋಬೇಕಂತ, ನಡುವ ಬಿಡಬಾರದಂತ. ಬಿಡದ ತಗೊಂಡ್ರ ಪೂರಾ ಆರಾಮ ಆಗ್ತಾರ ಅಂದ್ರು. ಮನ್ಯಾಗ ಇಟಗೊಂಡ ಆರೈಕಿ ಮಾಡ್ರಿ ಅಂದ್ರು."

"ಮನ್ಯಾಗ?" ಆಯಿ ಸೌಟು ಕೆಳಗಿಟ್ಟಳು. "ಸಣ್ಣ ಹುಡುಗ್ರ ಅದಾವಲ್ಲೋ ಇಲ್ಲೆ!"

"ಮತ್ತ ಡಾಕ್ಟರ್ ಕೇಳಿದ್ರು, ಮನ್ಯಾಗ ಇನ್ಯಾರರ ಕೆಮ್ಮತಾರೇನು ಅಂತ. ಯಾರೂ ಇಲ್ರಿ ಅಂದೆ."

ಆಗ ಪಡಸಾಲೆಯಿಂದ ಮುತ್ಯಾ ಕೆಮ್ಮಿದ. ಅವ್ವ, ಚಿಗವ್ವ ಇಬ್ಬರೂ ಸೆರಗು ಎಳೆದುಕೊಂಡರು.

ಕಾಕಾ ಸುಳ್ಳು ಹೇಳಿರಲಿಲ್ಲ. ಅವನನ್ನು ನಾನು ಬಲ್ಲೆ, ಸುಳ್ಳು ಹೇಳುವವನಲ್ಲ. ಕೆಮ್ಮುವವರು ಯಾರೆಂದು ಕೇಳಿದಾಗ ಅವನಿಗೆ ತನ್ನ ಅಪ್ಪನ ನೆನಪೇ ಆಗಲಿಲ್ಲ. ಅಪ್ಪ ಕೆಮ್ಮುವುದು ಅಪ್ಪ ಬರುವ ಸದ್ದು, ಅಷ್ಟೆ.

ಆ ದಿನದಿಂದ ಚಿಗವ್ವನಿಗೆ ಅಲ್ಯುಮಿನಿಯಂನ ಒಂದು ಜರ್ಮನ್ ತಾಟು, ಒಂದು ತಂಬಿಗೆ ಬೇರೆಯಾದವು. ಅವು ಇರುವ ಜಾಗವೂ ಬೇರೆ: ದನ ಕಟ್ಟುವಲ್ಲಿ ಗೋಡೆಯೊಳಗಿನ ಮಾಡ. ಅವಳೇ ಅವನ್ನು ಬೂದಿ ಹಚ್ಚಿ ಬೆಳಗಿ ಅಲ್ಲಿಡಬೇಕು. ಅವ್ವ ಮೇಲಿನಿಂದ ರೊಟ್ಟಿ ಬಿಡುವಳು, ತಾಟಿಗೆ ಕೈ ತಗಲದ ಹಾಗೆ. ಮಲಗುವುದು ಕಾಳಿನ ಕೋಣೆಯಲ್ಲಿ. ಅಲ್ಲಿ ಬೆಳಕಿಂಡಿಯೂ ಇಲ್ಲ. ಅವಳಿಗೆ ಗಾಳಿ ತಾಗಬಾರದೆಂದು ಬಾಗಿಲನ್ನೂ ಮುಚ್ಚಿಸುತ್ತಿದ್ದರು. ನಾವಿಬ್ಬರೂ ಮಕ್ಕಳು ಮಾತ್ರ ಎಂದಿನಂತೆ ಪಡಸಾಲೆಯಲ್ಲಿ, ಗಡಿಗೆ ಮುಚ್ಚಿದ ಬೆಳಕಿಂಡಿಯ ಕೆಳಗೆ, ಮುತ್ಯಾನ ಕಂಬಳಿಯೊಳಗೆ ಸುರಕ್ಷಿತವಾಗಿದ್ದೆವು.

ಮನೆಯಲ್ಲಿ ಜಗಳ ಹತ್ತಿತು. ನಮ್ಮ ಮನೆಯ ಜಗಳಗಳು ಕೂಗಾಟದವಲ್ಲ. ಪಾತ್ರೆ ಇಡುವ ಸದ್ದಿನಲ್ಲಿ ನಡೆಯುವಂಥವು. ಆದರೆ ಆ ಸಲ ಅವ್ವ ಅತ್ತೆಗೆ ಎದುರಾಡಿದಳು.

"ಔಷಧ ಐತಲ್ರಿ ಅತ್ತಿ. ಆರಾಮ ಆಗ್ತೈತಿ ಅಂತ ಹೇಳ್ಯಾರಲ್ರಿ."

"ಆಗವಲ್ದ್ಯಾಕ, ಆಗಲಿ. ಅವರ ತವರಾಗ ಆಗಲಿ. ಅಲ್ಲಿಂದನ ತಂದಾಳಾಕಿ."

"ಬರೂ ಮುಂದ ಕೊಡಪಾನ ಹೊತ್ತ ಮಾಳಿಗಿ ಹತ್ತಾಕಿ ಇದ್ಲು. ಜಡ್ಡು ಬಂದದ್ದ ಇಲ್ಲಿಗೆ ಬಂದ ಮ್ಯಾಲೆ."

"ನಮ್ಮ ಮನ್ಯಾಗ ಯಾರಿಗೈತಿ ಜಡ್ಡು? ಬೆರಳ ಮಾಡಿ ತೋರಸವಾ, ನೋಡೂಣು!"

ಅವ್ವನಿಗೆ ತೋರಿಸಲು ಯಾರೂ ಸಿಗಲಿಲ್ಲ. ಕೊನೆಗೆ ಮುತ್ಯಾ ಕೆಮ್ಮಿ, ಎಲ್ಲರನ್ನೂ ಸುಮ್ಮನಾಗಿಸಿ, ಹುಡುಗರ ಸಲುವಾಗಿ ಹುಡುಗಿಯನ್ನು ತವರಿಗೆ ಕಳಿಸೋಣ ಎಂದ. ಕಾಕಾ ತಲೆ ತಗ್ಗಿಸಿ ಉಗುರಿನಿಂದ ನೆಲ ಕೆರೆಯುತ್ತಿದ್ದ. ಅಪ್ಪನ ಮುಂದೆ ಬಾಯಿ ತೆರೆದು ಅವನಿಗೆ ಗೊತ್ತಿರಲಿಲ್ಲ. ಕರೆಯಲು ಚಿಗವ್ವನ ಅಣ್ಣ ಬಂದ. ಹೊರಡುವಾಗ ಅವಳು ಹತ್ತಿರ ಬರಲಿಲ್ಲ, ಹೊಸ್ತಿಲಿನ ಆಚೆಯಿಂದಲೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ನಾನು ಓಡಿಹೋದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ನನ್ನ ತಲೆ ಅಂದು ಬಾಚಿರಲಿಲ್ಲ. 'ಅವ್ವನ ಕಡೆ ಹೆರಳ ಹಾಕಿಸ್ಕೋ' ಎಂದಳು, ಅಷ್ಟೆ.

"ಆರಾಮಾಗಿ ಬಾರವಾ," ಎಂದ ಮುತ್ಯಾ. ಕಣ್ಣಲ್ಲಿ ನೀರಿತ್ತು. ಅವನು ಕೆಟ್ಟವನಲ್ಲ ಎಂದು ಬರೆಯಬೇಕಾದಲ್ಲೆಲ್ಲ ನನಗೆ ಈ ಕಣ್ಣೀರು ನೆನಪಾಗುತ್ತದೆ.

ಅವಳು ಹೋದ ಮೇಲೆ ಆಯಿ ಅವಳ ಚಾಪೆಯನ್ನು ತಿಪ್ಪೆಯ ಹತ್ತಿರ ಸುಟ್ಟಳು. ಕಾಳಿನ ಕೋಣೆಗೆ ಸುಣ್ಣ ಬಳಿದಳು, ಲೋಬಾನ ಹಾಕಿದಳು. ತಾಟು, ತಂಬಿಗೆ ಮಾತ್ರ ಮಾಡದಲ್ಲೇ ಉಳಿದವು. ಎಸೆಯಲಿಕ್ಕಾದರೂ ಯಾರಾದರೂ ಮುಟ್ಟಬೇಕಲ್ಲ. ಮನೆ ಚೊಕ್ಕ ಆಯಿತು ಎಂದು ಎಲ್ಲರೂ ಅಂದುಕೊಂಡೆವು. ಮುತ್ಯಾ ಬೂದಿಯ ಚಿಪ್ಪಿಗೆ ಉಗುಳಿ, ತಮ್ಮನನ್ನು ಎದೆಯ ಮೇಲೆ ಮಲಗಿಸಿಕೊಂಡು ಕಥೆ ಹೇಳುತ್ತಿದ್ದ.

ಬೇಸಿಗೆಯಲ್ಲಿ ಊರಿಗೆ ಸರಕಾರದ ಜೀಪು ಬಂತು. ಚಾವಡಿಯ ಗೋಡೆಗೆ ಬಿಳಿ ಅರಿವೆ ಕಟ್ಟಿ ಸಿನೆಮಾ ತೋರಿಸುತ್ತಾರೆಂದು ಡಂಗುರ ಹೊಡೆದರು. ದೇವರ ಸಿನೆಮಾ ಎಂದು ಜನ ಚಾಪೆ, ಗೋಣಿಚೀಲ ಹಿಡಿದು ಹೊತ್ತು ಮುಳುಗುವ ಮುಂಚೆಯೇ ಬಂದು ಕೂತರು. ಊರ ಹಿರಿಯನೆಂದು ಮುತ್ಯಾನಿಗೆ ಮುಂದೆ ಕುರ್ಚಿ. ಪರದೆಯ ಮೇಲೆ ಬಂದದ್ದು ದೇವರಲ್ಲ, ಕೆಮ್ಮುವ ಒಬ್ಬ ಮನುಷ್ಯ. ಮುಚ್ಚಿದ ಕೋಣೆಯಲ್ಲಿ ಅವನು ಕೆಮ್ಮಿದರೆ ಗಾಳಿಯಲ್ಲಿ ಸಣ್ಣ ಸಣ್ಣ ಚುಕ್ಕಿಗಳು ತೇಲಿ, ಮಲಗಿದ್ದ ಹೆಂಡತಿ, ಮಕ್ಕಳ ಮೂಗಿನೊಳಗೆ ಹೋಗುತ್ತಿದ್ದವು. ವಾರಗಟ್ಟಲೆ ಬಿಡದ ಕೆಮ್ಮಿದ್ದರೆ ಕಫ ತೋರಿಸಿ, ಕೆಮ್ಮುವಾಗ ಬಾಯಿಗೆ ಅರಿವೆ ಹಿಡಿಯಿರಿ, ಕಂಡಲ್ಲಿ ಉಗುಳಬೇಡಿ, ಮನೆಯೊಳಗೆ ಗಾಳಿ ಬೆಳಕು ಆಡಲಿ, ಔಷಧಕ್ಕೆ ದುಡ್ಡು ಕೊಡಬೇಕಿಲ್ಲ ಎಂದು ಜೀಪಿನವನು ಮೈಕಿನಲ್ಲಿ ಹೇಳುತ್ತಿದ್ದ. ಅವನ ಅರ್ಧ ಮಾತು ಮುತ್ಯಾನ ಕೆಮ್ಮಿನಲ್ಲಿ ಮುಳುಗಿಹೋಗುತ್ತಿತ್ತು. ಹಿಂದೆ ಕೂತಿದ್ದ ಕಂಬಳಿ ವ್ಯಾಪಾರದ ಹುಸೇನಸಾಬ ತಡೆಯಲಾರದೆ ಕೂಗಿದ:

"ಅಜ್ಜಾರ, ಸಿನೆಮಾದಾಂವಗಿಂತ ನೀವ ಛಲೋ ಕೆಮ್ಮಾಕತ್ತೀರಿ ಬಿಡ್ರಿ!"

ಚಾವಡಿಯೆಲ್ಲ ನಕ್ಕಿತು. ಮುತ್ಯಾನೂ ನಕ್ಕ, ನಕ್ಕು ಮತ್ತೆ ಕೆಮ್ಮಿದ. ಸಿನೆಮಾ ಮುಗಿದ ಮೇಲೆ ಮೈಕಿನವನು, ನಾಳೆ ಬೆಳಿಗ್ಗೆ ಕೆಮ್ಮು ಇರುವವರು ಇಲ್ಲಿಗೇ ಬಂದು ಡಬ್ಬಿಯಲ್ಲಿ ಕಫ ಕೊಡಬೇಕು ಎಂದ. ಜನ ಗೋಣಿಚೀಲ ಜಾಡಿಸತೊಡಗಿದರು. ಯಾರು ಕೊಡುತ್ತಾರೆ? ಮದುವೆಯ ವಯಸ್ಸಿಗೆ ಬಂದ ಮಕ್ಕಳಿರುವ ಮನೆಗಳು, ಜಡ್ಡಿನ ಹೆಸರು ಬಂದರೆ ಸಂಬಂಧ ಕೂಡುವುದಿಲ್ಲ. ಮುತ್ಯಾ ಕುರ್ಚಿಯಿಂದ ಎದ್ದ.

"ಯಾಕ ಹೆದರ್ತೀರೋ? ನಾಳೆ ಮೊದಲನೇ ಡಬ್ಬಿ ನಂದು. ನನ್ನ ನೋಡಿ ನೀವೂ ಕೊಡ್ರಿ."

ಕೊಟ್ಟ. ಅವನನ್ನು ನೋಡಿ ಬೇರೆಯವರೂ ಕೊಟ್ಟರು. ತನಗೇನೂ ಇಲ್ಲವೆಂಬ ಧೈರ್ಯದಿಂದ ಅವನು ಮಾಡಿದ ಕೆಲಸ ಅದು. ಆದರೂ ನನ್ನ ಮಟ್ಟಿಗೆ ಅವನು ಮಾಡಿದ ದೊಡ್ಡ ಕೆಲಸ ಅದೇ.

ಕೆಲವು ದಿನ ಬಿಟ್ಟು ಆರೋಗ್ಯ ಇಲಾಖೆಯವನು ಸೈಕಲ್ ಮೇಲೆ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಅವ್ವ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಳು, ನಾನು ಅವಳ ಸೆರಗು ಹಿಡಿದಿದ್ದೆ.

"ನಿಮ್ಮ ಕಫದಾಗ ಟಿ.ಬಿ. ಐತ್ರಿ ಅಜ್ಜಾರ."

ಮುತ್ಯಾ ಕೈಯಲ್ಲಿದ್ದ ಬೀಡಿಯನ್ನು ಕಟ್ಟೆಗೆ ಒತ್ತಿ ಆರಿಸಿದ. ಆಮೇಲೆ ಕೇಳಿದ: "ಎಂದಿಂದಿದು?"

"ಹೇಳಾಕ ಬರೂದಿಲ್ರಿ. ಭಾಳ ದಿನದ್ದಿರಬೇಕು."

"ನಮ್ಮ ಸ್ವಸಿಗೆ ಬಂದಿತ್ತು. ಆಕಿಯಿಂದ ನನಗ..." ಎಂದು ಶುರುಮಾಡಿದವನು ಅಲ್ಲೇ ನಿಂತ. ಲೆಕ್ಕ ತಿರುಗುಮುರುಗಾಗಿದ್ದು ಅವನಿಗೇ ಹೊಳೆಯಿತು. ಅವಳು ಈ ಮನೆಗೆ ಬರುವ ಎಷ್ಟೋ ಮೊದಲೇ ಆ ತೆಂಗಿನ ಚಿಪ್ಪು ಅಲ್ಲಿತ್ತು. "ತಾಟಿನಿಂದ ಹತ್ತತೈತೇನು ಇದು?"

"ತಾಟು ತಂಬಿಗಿಯಿಂದ ಇಲ್ರಿ. ಕೆಮ್ಮಿದ ಗಾಳಿಯಿಂದ. ಅದಕ್ಕ ಬೆಳಕಿಂಡಿ ತಗೀರಿ ಮೊದಲ."

ಅಂದು ಮಧ್ಯಾಹ್ನ ಊಟಕ್ಕೆ ಕರೆದಾಗ ಮುತ್ಯಾ ಪಡಸಾಲೆಯಲ್ಲಿ ಇರಲಿಲ್ಲ. ದನಗಳ ನಡುವೆ ಹೋಗಿ ಮಾಡದಿಂದ ಆ ಜರ್ಮನ್ ತಾಟು ತೆಗೆದು, ಧೂಳನ್ನು ಧೋತರದಿಂದ ಒರೆಸುತ್ತಿದ್ದ. ತಂದು ತನ್ನ ಮುಂದಿಟ್ಟುಕೊಂಡು ಕೂತ.

"ಅದರಾಗ ಬ್ಯಾಡ್ರಿ," ಎಂದಳು ಆಯಿ. "ತಾಟಿನಿಂದ ಹತ್ತೂದಿಲ್ಲ ಅಂತ ಈಗರ ಹೇಳಿ ಹೋದನಲ್ರಿ ಅಂವ."

"ಹತ್ತೂದಿಲ್ಲ ಅಂದ್ರ, ಆಕಿಗ್ಯಾಕ ಬ್ಯಾರೆ ಇಟ್ಟಿದ್ವಿ?"

ಆಯಿ ಒಲೆಯ ಕಡೆ ಮುಖ ತಿರುಗಿಸಿದಳು. ಅವ್ವ ಬಗ್ಗಿ ಆ ತಾಟಿಗೆ ರೊಟ್ಟಿ ಹಾಕಿದಳು, ಈ ಸಲ ಮೇಲಿನಿಂದ ಬಿಡದೆ, ಕೈ ತಗಲುವಂತೆ.

ಚಳಿಗಾಲ ಕಳೆದರೂ ಬೆಳಕಿಂಡಿಯ ಮೇಲೇ ಕೂತಿದ್ದ ಗಡಿಗೆ ಅಂದೇ ಕೆಳಗಿಳಿಯಿತು. ಕಾಕಾ ಗುದ್ದಲಿ ಹಿಡಿದು ಪಡಸಾಲೆಯ ಗೋಡೆ ಒಡೆದು ಒಂದು ಕಿಟಕಿ ಮಾಡಿದ. ಚೌಕಟ್ಟು ಇಲ್ಲದ, ಸೊಟ್ಟಗಿನ ಕಿಟಕಿ. ಅದನ್ನು ಅವನು ಎಷ್ಟು ಜೋರಾಗಿ ಒಡೆಯುತ್ತಿದ್ದನೆಂದರೆ ದನಗಳು ಹಗ್ಗ ಜಗ್ಗುತ್ತಿದ್ದವು. ಮುತ್ಯಾನ ಹಾಸಿಗೆ ಹೊರಗಿನ ಕಟ್ಟೆಗೆ ಹೋಯಿತು. ಚಿಪ್ಪಿನ ಬದಲು ಮುಚ್ಚಳವಿರುವ ಡಬ್ಬಿ, ಕೈಯಲ್ಲಿ ಯಾವಾಗಲೂ ಒಂದು ತುಂಡು ಅರಿವೆ. ಮನೆಯವರೆಲ್ಲ ಹುಬ್ಬಳ್ಳಿಗೆ ಹೋಗಿ ಎದೆ ತೋರಿಸಿ ಬಂದೆವು. ತಮ್ಮನಿಗೆ ಮಾತ್ರ ಗುಳಿಗೆ ಶುರುವಾದವು, ಅವನು ಗುಣವಾದ. ಸೂಜಿ ಚುಚ್ಚಿಸಿಕೊಂಡು ಮುತ್ಯಾ ಸೊರಗಿದ, ಆಮೇಲೆ ಚಿಗುರಿದ. ಚಿಗುರಿದ ಕೂಡಲೇ 'ಇನ್ಯಾಕ ಗುಳಿಗಿ' ಎಂದು ರಾಗ ಎಳೆದ. ಅವ್ವ ನೀರಿನ ತಂಬಿಗೆ ಹಿಡಿದು ಎದುರಿಗೆ ನಿಂತು, ನುಂಗುವವರೆಗೂ ಕದಲಲಿಲ್ಲ. ಮಾವನ ಮುಂದೆ ಅವಳು ಹಾಗೆ ನಿಂತದ್ದು ಅದೇ ಮೊದಲು.

ಕೆಮ್ಮು ಪೂರ್ತಿ ನಿಂತ ಮೇಲೆ, ದೀಪಾವಳಿ ಕಳೆದು, ಮುತ್ಯಾ, ಕಾಕಾ ಮತ್ತು ನಾನು ಮಿಶ್ರಿಕೋಟಿಗೆ ಹೋದೆವು. ಚಿಗವ್ವನ ಮನೆಯ ಹೊಸ್ತಿಲಾಚೆ ಮುತ್ಯಾ ನಿಂತ. ಅಭ್ಯಾಸದಂತೆ ಕೆಮ್ಮಲು ಹೋದ. ಬರಲಿಲ್ಲ. ಗಂಟಲು ಸರಿಮಾಡಿಕೊಂಡ, ಆದರೂ ಬರಲಿಲ್ಲ. ಬಂದವನು ತಾನೆಂದು ಹೇಳುವುದು ಹೇಗೆಂದು ತಿಳಿಯದೆ ಅಲ್ಲೇ ನಿಂತುಬಿಟ್ಟ. ಕೊನೆಗೆ ನನ್ನ ಭುಜ ಮುಟ್ಟಿ, 'ಸರೂ, ನೀನ ಒದರವಾ' ಎಂದ. ನಾನು ಚಿಗವ್ವಾ ಎಂದು ಕೂಗಿದೆ.

ತಲೆಸ್ನಾನ ಮಾಡಿದ ಕೂದಲು ಹರಡಿಕೊಂಡು ಅವಳು ಹೊರಗೆ ಬಂದಳು. ಮೈ ತುಂಬಿತ್ತು, ಬಳೆಗಳು ತಮ್ಮ ಜಾಗಕ್ಕೆ ಬಂದಿದ್ದವು. ಮುತ್ಯಾನನ್ನು ಕಂಡು ಕೈ ಸೆರಗಿಗೆ ಹೋಯಿತು, ಅರ್ಧಕ್ಕೇ ನಿಂತಿತು. ನೀರು ತಂದುಕೊಟ್ಟಳು. ಮುತ್ಯಾ ನೀರು ಕುಡಿಯದೆ ಮಾತಾಡಿದ.

"ಜಡ್ಡು ನಂದಿತ್ತವಾ. ನಿನ್ನ ಮ್ಯಾಲೆ ಹಾಕಿದ್ವಿ. ಕರಕೊಂಡ ಹೋಗಾಕ ಬಂದೀನಿ."

ಅವಳು ನೀರಿನ ತಂಬಿಗೆಯನ್ನು ಅವನ ಕಡೆ ಇನ್ನಷ್ಟು ಸರಿಸಿದಳು. "ನಿಮಗೂ ಸೂಜಿ ಮಾಡಿದ್ರೇನ್ರಿ ಮಾವಾರ? ಭಾಳ ನೋಯಸ್ತಾವ್ರಿ ಅವು. ಗುಳಿಗಿ ಬಿಡಬ್ಯಾಡ್ರಿ ಮತ್ತ. ಆರಾಮ ಆತು ಅನಸ್ತೈತಿ, ಆವಾಗನ ಬಿಡಬಾರದ್ರಿ." ಆಮೇಲೆ ಕಾಕಾನ ಕಡೆ ತಿರುಗಿದಳು. "ನೀವ್ಯಾಕ ಬಂದ್ರಿ?"

"ಅಪ್ಪ ಬಾ ಅಂದ," ಎಂದ ಕಾಕಾ.

ಚಿಗವ್ವ ನಕ್ಕಳು. ಮೊದಲಿನ ನಗು ಅಲ್ಲ. "ಅವತ್ತ ಕಳಸು ಅಂದ್ರು, ಕಳಿಸಿದ್ರಿ. ಇವತ್ತ ಬಾ ಅಂದ್ರು, ಬಂದ್ರಿ. ನಾಳೆ ನನಗ ಮತ್ತೊಂದ ಜಡ್ಡು ಬಂದ್ರ?"

ಕಾಕಾ ಏನಾದರೂ ಹೇಳುತ್ತಾನೆಂದು ಅವಳು ಕಾದಳು. ನಾನೂ ಕಾದೆ. ಅವನು ಉಗುರಿನಿಂದ ನೆಲ ಕೆರೆಯುತ್ತಿದ್ದ.

"ನಾ ಬರೂದಿಲ್ರಿ ಮಾವಾರ," ಎಂದಳು.

ಬರಲಿಲ್ಲ. ಹೊಲಿಗೆ ಕಲಿತಳು, ನನ್ನ ಮದುವೆಯ ಕುಪ್ಪಸವನ್ನೂ ಅವಳೇ ಹೊಲಿದುಕೊಟ್ಟಳು. ಕಾಕಾ ಆಮೇಲೆ ಒಬ್ಬನೇ ಕೆಲವು ಸಲ ಮಿಶ್ರಿಕೋಟಿಗೆ ಹೋಗಿಬಂದ, ಬೇರೆ ಮದುವೆಯಾಗಲಿಲ್ಲ. ಬೇಡವೆಂದು ಹೇಳುವುದಕ್ಕೆ ಅವನಿಗೆ ಕೊನೆಗೂ ಬಾಯಿ ಬಂದದ್ದು ಆ ಒಂದು ವಿಷಯದಲ್ಲಿ ಮಾತ್ರ. ಔಷಧವಿದ್ದ ಕಾಲದಲ್ಲಿ, ಗುಣವಾಗುವ ಜಡ್ಡಿಗೆ, ನಮ್ಮ ಮನೆ ಒಬ್ಬಳನ್ನು ಕಳೆದುಕೊಂಡಿತು. ಜಡ್ಡಿನಿಂದಲ್ಲ, ತಾಟಿನಿಂದ.

ಅಂದು ಹೊರಡುವಾಗ ಅವಳು ನನ್ನನ್ನು ಕೂರಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ ಹೆರಳು ಹಾಕಿದಳು. ಬುತ್ತಿ ಕಟ್ಟಿ ನನ್ನ ಕೈಗೆ ಕೊಟ್ಟಳು. ದೀಪ ಹಚ್ಚುವ ಹೊತ್ತಿಗೆ ನಾವು ಊರು ಸೇರಿದೆವು. ಮುತ್ಯಾ ಹೊಸ್ತಿಲಾಚೆ ನಿಂತು, 'ಬಂದೇವವಾ' ಎಂದ. ಅವ್ವ ಗುರುತು ಸಿಗದೆ 'ಯಾರ್ರಿ?' ಎಂದಳು. ನಮ್ಮ ಹಿಂದೆ ಇನ್ನೊಬ್ಬಳು ಇದ್ದಾಳೇನೋ ಎಂದು ಕಂದೀಲು ಎತ್ತಿ ನೋಡಿ, ಕೆಳಗಿಳಿಸಿದಳು. ಬುತ್ತಿ ಬಿಚ್ಚಿದೆವು: ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳ ಚಟ್ನಿ, ಅವರ ಗದ್ದೆಯ ಅಕ್ಕಿಯ ಮೊಸರನ್ನ. ಆಯಿ ಮೊದಲು ಬೇಡವೆಂದಳು. ಆಮೇಲೆ ತಾನೇ ಕೈ ಚಾಚಿ ಒಂದು ತುಂಡು ರೊಟ್ಟಿ ತೆಗೆದುಕೊಂಡು ಬಹಳ ಹೊತ್ತು ಅಗಿದಳು. ಮುತ್ಯಾ ಆ ಜರ್ಮನ್ ತಾಟಿನಲ್ಲಿ ಉಂಡು, ಗುಳಿಗೆ ನುಂಗಿ, ಎಲ್ಲರಿಗಿಂತ ಮೊದಲು ಮಲಗಿದ. ಕೆಮ್ಮಿಲ್ಲದ್ದರಿಂದ ಅವನಿಗೆ ನಿದ್ದೆ ಹತ್ತಿದ್ದು ಒಳಗೆ ತಿಳಿಯಲೇ ಇಲ್ಲ. ಅವ್ವ ಒಬ್ಬಳೇ ಅಡುಗೆಮನೆಯಲ್ಲಿ, ಅವನು ಸದ್ದಿಲ್ಲದೆ ಒಳಗೆ ಬಂದಾನೆಂದು, ತಲೆಯ ಮೇಲಿನ ಸೆರಗು ಇಳಿಸದೆ ಕೂತಿದ್ದಳು.